ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಏಕೆ ಕಾಯುತ್ತದೆ?

ಓದುಗರ ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ಓಡಿಸುವ ನಮ್ಮ ಬೋಟಿಗೆ ಹಿಂಬದಿಯಲ್ಲಿ ಹೊರಗಿನಿಂದ ಬಿಗಿಯುವ ಹಳೆಯ ಜಾನ್ಸನ್ ಔಟ್‌ಬೋರ್ಡ್ ಮೋಟರ್ ಇದೆ. ಎಂಜಿನ್ನಿಗೆ ತಂಪು ನೀರು ಏರಿಸುವ ಪಂಪಿನೊಳಗಿನ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್, ಹೊಸದು ತರಿಸಿ ಹಾಕಿಸಿದೆವು. ಆದರೂ ನೀರಿನ ಧಾರೆ ಕಾಣುತ್ತಿಲ್ಲ, ಎಂಜಿನ್ ಕಾಯುತ್ತದೆ. ತಪ್ಪು ಎಲ್ಲಿದೆ?

ಮೊದಲು ಧಾರೆಯ ಮಾತು. 1950ರ ದಶಕದ ಎಷ್ಟೋ ಜಾನ್ಸನ್, ಎವಿನ್‌ರೂಡ್ ಮೋಟರುಗಳಿಗೆ ಇಂದಿನ ಮೋಟರುಗಳಂತೆ ಪಕ್ಕದಿಂದ ಚಿಮ್ಮುವ ಧಾರೆಯೇ ಇಲ್ಲ. ಮೋಟರಿನ ಕಾಲಿನ, ಅಂದರೆ ನೀರಿಗೆ ಇಳಿಯುವ ಕೆಳಭಾಗದ, ಹಿಂಬದಿಯ ರಂಧ್ರದಿಂದ ಹೊಗೆಯೊಡನೆ ನೀರಿನ ತುಂತುರು ಬರುತ್ತದೆ, ಅಷ್ಟೇ. ಅದಕ್ಕಿಂತ ಹಿಂದಿನ ಕೆಲವು ಜಾನ್ಸನ್ ಮೋಟರುಗಳಲ್ಲಂತೂ ಪಂಪೇ ಇರಲಿಲ್ಲ. ಪ್ರೊಪೆಲ್ಲರ್ ತಳ್ಳುವ ನೀರಿನ ಒತ್ತಡವೇ ಎಂಜಿನ್ನನ್ನು ತಂಪಾಗಿಡುತ್ತಿತ್ತು. ಆದ್ದರಿಂದ ಧಾರೆ ಇಲ್ಲವೆಂದು ಗಾಬರಿಯಾಗಬೇಡಿ. ಆದರೆ ಸಿಲಿಂಡರ್ ತಲೆಯ ಮೇಲೆ ಬಿದ್ದ ನೀರಿನ ಹನಿ ಚುರ್ ಎಂದು ಆರಿಹೋದರೆ ಮೋಟರನ್ನು ತಕ್ಷಣ ನಿಲ್ಲಿಸಿ. ಪಿಸ್ಟನ್ ಜಾಮ್ ಆದರೆ ಆಮೇಲೆ ಇಂಪೆಲ್ಲರ್ ಮಾತೇ ಉಳಿಯುವುದಿಲ್ಲ.

ನಿಮ್ಮದು ಕಾಯುತ್ತಿದೆ ಎಂದಿದ್ದೀರಿ. ಹಾಗಾದರೆ ಪಂಪನ್ನು ಮತ್ತೆ ಬಿಚ್ಚಲೇಬೇಕು.

ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳಲ್ಲಿ ಕಬ್ಬಿಗೆ ನೀರೆತ್ತುವ ಪಂಪ್‌ಸೆಟ್ ಗೊತ್ತಿಲ್ಲದ ಮೇಸ್ತ್ರಿ ಇಲ್ಲ. ಅವರ ಕೈಗುಣ ದೊಡ್ಡದು, ಆದರೆ ಕೆಲವೊಮ್ಮೆ ತೊಂದರೆಯ ಬೇರು ಆ ರೂಢಿಯಲ್ಲೇ ಇರುತ್ತದೆ. ಪಂಪ್‌ಸೆಟ್ಟಿನ ಇಂಪೆಲ್ಲರ್ ಗಟ್ಟಿ ಲೋಹದ್ದು, ಕವಚಕ್ಕೆ ತಾಗಬಾರದು. ಔಟ್‌ಬೋರ್ಡಿನದು ರಬ್ಬರಿನದು, ತಾಗಲೇಬೇಕು. ಅದು ಕೂರುವ ಬಟ್ಟಲಿನ ನಡು ಶಾಫ್ಟಿನ ನಡುವಿಗೆ ಸರಿಯಾಗಿ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಎಸಳುಗಳು ಒಂದು ಬದಿಯಲ್ಲಿ ಮಡಚಿಕೊಂಡು, ಇನ್ನೊಂದು ಬದಿಯಲ್ಲಿ ಬಿಚ್ಚಿಕೊಂಡು ನೀರನ್ನು ಎಳೆದು ತಳ್ಳುತ್ತವೆ. ಮೇಲೆ ಬಟ್ಟಲು, ಕೆಳಗೆ ಉಕ್ಕಿನ ತಟ್ಟೆ; ಈ ಎರಡರ ನಡುವೆ ರಬ್ಬರು ಬಿಗಿಯಾಗಿ ಕೂತರೆ ಮಾತ್ರ ಅದು ಪಂಪು. ಪಂಪ್‌ಸೆಟ್ಟಿನ ರೂಢಿಯಂತೆ ದಪ್ಪ ರಟ್ಟಿನ ಗ್ಯಾಸ್ಕೆಟ್ ಕತ್ತರಿಸಿ ಹಾಕಿದರೆ ಬಟ್ಟಲು ಮೇಲೇರಿ ಎಸಳಿನ ಅಂಚಿನಲ್ಲಿ ಸಂದು ಉಳಿಯುತ್ತದೆ. ಕಡಿಮೆ ವೇಗದಲ್ಲಿ ನೀರು ಏರುವುದೇ ಇಲ್ಲ. ಮೂಲದಲ್ಲಿದ್ದಷ್ಟೇ ತೆಳುವಾದ ಗ್ಯಾಸ್ಕೆಟ್ ಹಾಕಿಸಿ. ಸೀಲಂಟ್ ಬಳಿದು ಒತ್ತಿಸಬೇಡಿ, ಒಳಗೆ ಹಿಂಡಿದ ಸೀಲಂಟ್ ದಾರಿಯನ್ನೇ ಮುಚ್ಚಬಹುದು.

ಹಳೆಯ ಇಂಪೆಲ್ಲರನ್ನು ಎಸೆದಿಲ್ಲ ತಾನೇ? ಅದನ್ನು ಬೆಳಕಿನಲ್ಲಿ ನೋಡಿ. ಎಸಳಿನ ತುದಿ ಸುಟ್ಟು ಹೊಳೆಯುತ್ತಿದ್ದರೆ ಮೋಟರ್ ನೀರಿಲ್ಲದೆ ಓಡಿದೆ. ಆಗ ಬಟ್ಟಲಿನ ಒಳಮೈಯೂ ಕೆಟ್ಟಿರುತ್ತದೆ. ಅಂಚು ಸವೆದಿದ್ದರೆ ಅದು ಹೂಳಿನ ಕೆಲಸ. ನಮ್ಮ ಹಿನ್ನೀರು ಇಳಿದಾಗ ಎರೆಮಣ್ಣಿನ ರಾಡಿಯಲ್ಲಿ ಮೋಟರ್ ಓಡುತ್ತದೆ, ಆ ಮಣ್ಣು ತಟ್ಟೆಯ ಮೇಲೆ ಉಂಗುರದಂತೆ ಗೀರು ಕೊರೆಯುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ತಟ್ಟೆ ಬದಲಿಸಿ. ಅಲ್ಪಸ್ವಲ್ಪವಿದ್ದರೆ ಗಾಜಿನ ಮೇಲೆ ನಯವಾದ ಎಮರಿ ಹಾಳೆ ಇಟ್ಟು ತಿಕ್ಕಿ ಸಮ ಮಾಡಬಹುದು. ಇನ್ನು ಎಸಳು ಮುರಿದಿದ್ದರೆ ಆ ತುಂಡು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಿ. ಅದು ಮೇಲಿನ ಕೊಳವೆಯಲ್ಲೋ ಸಿಲಿಂಡರಿನ ಸುತ್ತಲಿನ ನೀರಿನ ದಾರಿಯಲ್ಲೋ ಸಿಕ್ಕಿಕೊಂಡಿರುತ್ತದೆ. ಹುಡುಕಿ ತೆಗೆಯುವವರೆಗೆ ಎಷ್ಟು ಹೊಸ ಇಂಪೆಲ್ಲರ್ ಹಾಕಿದರೂ ವ್ಯರ್ಥ.

ಬಿಚ್ಚುವಾಗ ಗೇರು ಬದಲಿಸುವ ಕಡ್ಡಿಯ ಜೋಡಣೆಯನ್ನು ಮೊದಲು ಕಳಚಬೇಕು. ಹಲವು ಹಳೆಯ ಮಾದರಿಗಳಲ್ಲಿ ಅದು ಕಾಲಿನ ಪಕ್ಕದ ಸಣ್ಣ ಮುಚ್ಚಳದ ಹಿಂದೆ ಇರುತ್ತದೆ. ಅದನ್ನು ಕಳಚದೆ ಕಾಲಿನ ಕೆಳತುದಿಯನ್ನು ಬಲವಂತವಾಗಿ ಎಳೆದರೆ ಮುರಿಯುವುದು ಖಚಿತ.

ಕೂರಿಸುವಾಗ ಅವಸರ ಬೇಡ. ಶಾಫ್ಟಿನ ಚಪ್ಪಟೆ ಜಾಗದಲ್ಲಿ ಸಣ್ಣ ಕೀಲು ಇರುತ್ತದೆ. ಅದು ಜಾರಿ ಬಿದ್ದರೆ ಶಾಫ್ಟ್ ಮಾತ್ರ ತಿರುಗುತ್ತದೆ, ಇಂಪೆಲ್ಲರ್ ನಿಂತೇ ಇರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕೀಲಿಗೆ ಚೂರು ಗ್ರೀಸ್ ಮೆತ್ತಿದರೆ ಜಾಗದಲ್ಲೇ ನಿಲ್ಲುತ್ತದೆ. ಎಸಳುಗಳಿಗೆ ಮಾತ್ರ ಸೋಪಿನ ನೀರು ಸಾಕು. ಬಟ್ಟಲನ್ನು ಕೆಳಕ್ಕೆ ಒತ್ತುತ್ತಾ ಶಾಫ್ಟನ್ನು ಅದು ಓಡುವ ದಿಕ್ಕಿಗೇ ತಿರುಗಿಸಿ. ಮೇಲಿನಿಂದ ನೋಡಿದರೆ ಸಾಮಾನ್ಯವಾಗಿ ಅದು ಗಡಿಯಾರದ ದಿಕ್ಕು. ಕೊನೆಗೆ ನೀರನ್ನು ಎಂಜಿನ್ನಿಗೆ ಏರಿಸುವ ತಾಮ್ರದ ಕೊಳವೆಯ ಬುಡ ರಬ್ಬರ್ ಬುಷ್ಷಿನೊಳಗೆ ನೇರವಾಗಿ ಇಳಿದಿದೆಯೇ ನೋಡಿ. ನನ್ನ ಮಟ್ಟಿಗೆ, ಹೊಸ ಇಂಪೆಲ್ಲರ್ ಹಾಕಿದ ಮೇಲೂ ಎಂಜಿನ್ ಕಾದರೆ ಮೊದಲು ಅನುಮಾನ ಪಡಬೇಕಾದ ಜಾಗ ಇದೇ. ಬುಷ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಏರಿದ ನೀರು ಕಾಲಿನೊಳಗೇ ಸೋರಿಹೋಗುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಕಾದರೆ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರು ಬಿಡುವ ಕವಾಟ) ಇದ್ದಲ್ಲಿ ಅದನ್ನು ತೆಗೆದು ಬಿಸಿನೀರಿನಲ್ಲಿ ಇಟ್ಟು ತೆರೆಯುತ್ತದೆಯೇ ಪರೀಕ್ಷಿಸಿ.

ಪರೀಕ್ಷೆಗೆ ಡ್ರಮ್ ಬಳಸುವುದಾದರೆ ನೀರು ಪಂಪಿನ ಮಟ್ಟಕ್ಕಿಂತ ಮೇಲಿರಲಿ. ಒಣಗಿ ಓಡಿದರೆ ಹೊಸ ರಬ್ಬರ್ ಸ್ವಲ್ಪ ಹೊತ್ತಿನಲ್ಲೇ ಹಾಳಾಗುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಸರಿದು ಬೋಟು ದಡ ಸೇರಿದಾಗ ಎಸಳುಗಳು ತಿಂಗಳುಗಟ್ಟಲೆ ಮಡಚಿಕೊಂಡೇ ಇರುತ್ತವೆ, ಆ ಬಾಗು ಹಾಗೆಯೇ ಉಳಿಯುತ್ತದೆ. ಹಾಗಾಗಿ ಜುಲೈನಲ್ಲಿ ನೀರು ಏರುವ ಮೊದಲೇ ಪಂಪು ಬಿಚ್ಚಿ ನೋಡಿ. ಬಿಡಿಭಾಗ ಬೇಕಾದರೆ ಮೋಟರಿನ ತಗಡಿನ ಮೇಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಗೋವಾ ಅಥವಾ ಕರಾವಳಿಯ ಅಂಗಡಿಗಳಲ್ಲಿ ಕೇಳಿ. ಬಟ್ಟಲು, ತಟ್ಟೆ, ಗ್ಯಾಸ್ಕೆಟ್, ಬುಷ್ ಎಲ್ಲವೂ ಸೇರಿದ ಕಿಟ್ ಸಿಕ್ಕರೆ ಅದನ್ನೇ ಕೊಳ್ಳಿ.