ಘಟ್ಟದ ಮೇಲಿನ ಜೋಳದ ದಂಟು: ದನಕ್ಕೆ ಆಗದ್ದು ಹಟ್ಟಿಗೂ ಆಗುದಿಲ್ಲ

ಉಡುಪಿ, ಬ್ರಹ್ಮಾವರ, ಕುಂದಾಪುರ ಕಡೆಯ ದನ ಸಾಕುವವರು ಈಗೀಗ ಫೋನ್ ಮಾಡಿದ್ರೆ ಕೇಳುದು ಹೆಚ್ಚು ಕಡಿಮೆ ಒಂದೇ. ಡಾಕ್ಟ್ರೇ, ಬೈಹುಲ್ಲು ಸಿಗುದಿಲ್ಲ, ಘಟ್ಟದ ಮೇಲಿಂದ ಮೆಕ್ಕೆಜೋಳದ ದಂಟಿನ ಬೇಲ್ (ಮೆಷಿನಲ್ಲಿ ಒತ್ತಿ ಕಟ್ಟಿದ ಕಟ್ಟು) ಬರ್ತದಂತೆ, ತೆಗೊಳ್ಬಹುದಾ? ತೆಗೊಳ್ಬಹುದು. ಆದ್ರೆ ಅದರ ಹಿಂದೆಯೇ ಇನ್ನೊಂದು ಮಾತು ಬರ್ತದಲ್ಲ, "ಹಾಳಾದ್ರೆ ಎಂತ, ದನ ತಿನ್ನದಿದ್ರೆ ಹಟ್ಟಿಗೆ ಹಾಸಿದ್ರಾಯ್ತು" ಅಂತ, ನನ್ನ ತಕರಾರು ಇರುದು ಅಲ್ಲಿ.

ದಾವಣಗೆರೆ, ಹಾವೇರಿ, ಶಿವಮೊಗ್ಗ ಕಡೆ ಮುಂಗಾರಿನ ಮೆಕ್ಕೆಜೋಳ ಅಕ್ಟೋಬರ್, ನವೆಂಬರಿಗೆ ಕಟಾವಾಗ್ತದೆ. ತೆನೆ ಮುರಿದ ಮೇಲೆ ಉಳಿದ ದಂಟನ್ನು ಸುಡುವವರು, ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸುವವರು ಈಗಲೂ ಇದ್ದಾರೆ, ಕೆಲವರು ಟ್ರ್ಯಾಕ್ಟರ್ ಹಿಂದೆ ಬೇಲರ್ ಕಟ್ಟಿ ಸುತ್ತಿ ಮಾರ್ತಾರೆ. ಅಮೆರಿಕದ ಅಯೋವಾ, ನೆಬ್ರಾಸ್ಕಾದಲ್ಲಿ ಇದು ಹಳೇ ಕೆಲಸ, ಅಲ್ಲಿನ ಒಂದು ದುಂಡು ಬೇಲ್ 500 ಕೆಜಿ ಹತ್ತಿರ ತೂಗ್ತದೆ, ಚಳಿಗಾಲ ಪೂರ್ತಿ ಗದ್ದೆ ಬದಿಯಲ್ಲೇ ಇಟ್ಟರೂ ನಡೀತದೆ. ಇಲ್ಲಿಗೆ ಬರುದು ಒಬ್ಬ ಆಳು ಹೊರುವಂಥ 15-20 ಕೆಜಿಯ ಸಣ್ಣ ಬೇಲ್, ಅದನ್ನು ಇಡಬೇಕಾದ್ದು ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಲ್ಲಿ. ಅಲ್ಲಿಯ ಯೂಟ್ಯೂಬ್ ವಿಡಿಯೋ ನೋಡಿ ಇಲ್ಲಿ ಅಂಗಳದಲ್ಲಿ ರಾಶಿ ಹಾಕಬೇಡಿ ಮಾರಾಯ್ರೆ.

ದಂಟು ಅಂತ ಒಟ್ಟಿಗೆ ಹೇಳಿದ್ರೂ ಅದರಲ್ಲಿ ಎಲೆ ಬೇರೆ, ತೆನೆಯ ಸಿಪ್ಪೆ ಬೇರೆ, ಕಾಂಡ ಬೇರೆ. ದನಕ್ಕೆ ಚೆನ್ನಾಗಿ ಜೀರ್ಣ ಆಗುದು ಸಿಪ್ಪೆ ಮತ್ತೆ ಎಲೆ, ಆದ್ರೆ ಒಣ ತೂಕದಲ್ಲಿ ಸುಮಾರು ಅರ್ಧ ಕಾಂಡವೇ ಇರ್ತದೆ. ಗದ್ದೆಯಲ್ಲಿ ಜಾಸ್ತಿ ದಿನ ಬಿಟ್ಟು ಆಮೇಲೆ ಬೇಲ್ ಮಾಡಿದ್ರೆ ಎಲೆ ಎಲ್ಲ ಪುಡಿಯಾಗಿ ಗಾಳಿಗೆ ಹೋಗಿ ನಿಮ್ಮ ಹಟ್ಟಿಗೆ ಬರುದು ಬರೀ ಕೋಲು, ಅದರ ಮೇಲೆ ಕುಂಟೆ ಎಳೆದ ಮಣ್ಣು. ಒಳ್ಳೆ ದಂಟಿನಲ್ಲಿ ಪ್ರೋಟೀನ್ 4ರಿಂದ 6 ಪರ್ಸೆಂಟ್ ಇರ್ತದೆ, ಬೈಹುಲ್ಲಲ್ಲಿ 3-4. ಜೀರ್ಣಕ್ಕೆ ಅಡ್ಡಿಯಾಗುವ ಸಿಲಿಕಾ ಬೈಹುಲ್ಲಿನಷ್ಟು ಇಲ್ಲ, ಕ್ಯಾಲ್ಸಿಯಂ ಹಿಡಿದಿಡುವ ಆಕ್ಸಲೇಟಿನ ಕಾಟವೂ ಕಮ್ಮಿ. ಹಾಗಾಗಿ ಮೇವಾಗಿ ಇದು ಬೈಹುಲ್ಲಿಗಿಂತ ಕೀಳಲ್ಲ, ಸರಿಯಾಗಿ ಒಣಗಿದ್ರೆ.

ಒಣಗುದೇ ಕಷ್ಟ ಇರುದು. ಎಲೆ ಗರಿಗರಿ ಆಗಿರ್ತದೆ, ಮುಟ್ಟಿ ನೋಡಿದವ ಒಣಗಿದೆ ಅಂದ್ಕೊಳ್ತಾನೆ, ಒಳಗಿನ ತಿರುಳು ಮಾತ್ರ ಸ್ಪಂಜಿನ ಹಾಗೆ ನೀರು ಹಿಡ್ಕೊಂಡೇ ಇರ್ತದೆ. ಬೇಲ್ ಕಟ್ಟುವಾಗ ತೇವ 15-18 ಪರ್ಸೆಂಟ್ ಒಳಗೆ ಇದ್ರೆ ಒಳ್ಳೇದು, 25 ದಾಟಿದ್ರೆ ಒಳಗೆ ಬಿಸಿ ಏರ್ತದೆ, ದೊಡ್ಡ ರಾಶಿಯ ನಡುವೆ 65 ಡಿಗ್ರಿ ಮೀರಿದ್ರೆ ತನ್ನಿಂತಾನೇ ಬೆಂಕಿ ಹತ್ತುವ ಅಪಾಯವೂ ಉಂಟು. ಲಾರಿ ಬಂದಾಗ ಮೇಲಿನ ಬೇಲ್ ನೋಡಿ ದುಡ್ಡು ಕೊಡಬೇಡಿ. ನಡುವಿನ ಒಂದು ಬಿಚ್ಚಿಸಿ, ಒಳಗಿಂದ ದಪ್ಪ ಕಾಂಡ ಎಳೆದು, ಗಂಟಿನ ಹತ್ತಿರ ಉದ್ದಕ್ಕೆ ಸೀಳಿ ತಿರುಳನ್ನು ಉಗುರಲ್ಲಿ ಒತ್ತಿ. ಉಗುರಿಗೆ ತೇವ ತಾಗಿದ್ರೆ ಆ ಲೋಡ್ ಬೇಡ. ರಾಶಿ ಹಾಕಿದ ಮೇಲೆ ಸಂಶಯ ಬಂದ್ರೆ ಒಂದು ಕಬ್ಬಿಣದ ರಾಡ್ ನಡುವಿಗೆ ತೂರಿಸಿ ಸ್ವಲ್ಪ ಹೊತ್ತು ಬಿಟ್ಟು ಎಳೆದು ಮುಟ್ಟಿ ನೋಡಿ. ರೇಟು ಬೇಲಿಗೆ ಇಷ್ಟು ಅಂತ ಹೇಳ್ತಾರೆ, ತೇವದ ಲೆಕ್ಕ ಯಾರೂ ಹಾಕುದಿಲ್ಲ. 15 ಕೆಜಿ ಬೇಲಲ್ಲಿ 15 ಪರ್ಸೆಂಟ್ ನೀರಿದ್ರೆ ಮೇವು ಸಿಕ್ಕಿದ್ದು 12.75 ಕೆಜಿ, 30 ಇದ್ರೆ 10.5. ಬಾಕಿ ಎರಡೂಕಾಲು ಕೆಜಿ ನೀರಿಗೆ ದುಡ್ಡು ಕೊಟ್ಟದ್ದು, ಘಾಟಿ ಇಳಿಸಿದ ಬಾಡಿಗೆಯೂ ಸೇರಿ.

ಈಗ ಬೂಸ್ಟಿನ ವಿಷಯ. ಬೂಸ್ಟು ಹಿಡಿದ ಬೇಲ್ ಬಿಚ್ಚುವಾಗ ಬೂದು ಬಣ್ಣದ ಹುಡಿ ಏಳ್ತದೆ, ಮುಗ್ಗಲು ವಾಸನೆ ಬರ್ತದೆ, ಇದು ಎಲ್ಲರಿಗೂ ಗೊತ್ತು, ದನ ಮೂಸಿ ಮುಖ ತಿರುಗಿಸ್ತದೆ ಅಂತ ಅದನ್ನು ಅಡಿಗೆ ಹಾಸ್ತಾರೆ. ಆದ್ರೆ ಹಾಸಿದ್ದನ್ನು ದನ ತಿನ್ನುದಿಲ್ಲ ಅಂತ ಯಾರು ಹೇಳಿದ್ದು? ರಾತ್ರಿ ಬೈಪಣೆ ಖಾಲಿ ಆದ ಮೇಲೆ ಅದು ಮಲಗಿದಲ್ಲಿಂದಲೇ ಎಲೆ ಹೆಕ್ಕಿ ತಿನ್ತದೆ, ಬೆಳಿಗ್ಗೆ ನೋಡಿದ್ರೆ ಹಾಸಿದ್ದರಲ್ಲಿ ಕೋಲು ಮಾತ್ರ ಉಳಿದಿರ್ತದೆ. ಬೂಸ್ಟಿನ ಕೆಲವು ಜಾತಿ ವಿಷ ಮಾಡ್ತವೆ, ಅದರಲ್ಲೊಂದಾದ ಅಫ್ಲಾಟಾಕ್ಸಿನ್ ಬಿ1 ದನದ ಹೊಟ್ಟೆಗೆ ಹೋದ್ರೆ ಅದರ ಒಂದಂಶ ಎಂ1 ಆಗಿ ಹಾಲಿಗೆ ಬರ್ತದೆ. ಹಾಲಲ್ಲಿ ಅದು ಕೆಜಿಗೆ 0.5 ಮೈಕ್ರೋಗ್ರಾಂ ಮೀರಬಾರದು ಅಂತ ಆಹಾರ ಸುರಕ್ಷತಾ ನಿಯಮ ಉಂಟು, ಕುದಿಸಿದ್ರೆ ಹೋಗುವಂಥದ್ದೂ ಅಲ್ಲ. ಇನ್ನು ದನ ಒಂದೆಳೆ ತಿನ್ನಲಿಲ್ಲ ಅಂತಲೇ ಇಟ್ಕೊಳ್ಳಿ, ಹಾಲು ಕರೆದ ಮೇಲೆ ಮೊಲೆಯ ತೂತು ಮುಚ್ಚಲಿಕ್ಕೆ ಅರ್ಧ ಗಂಟೆಯಾದ್ರೂ ಬೇಕು, ಅಷ್ಟರೊಳಗೆ ದನ ಮಲಗಿದ್ರೆ ಕೊಳೆತ ದಂಟಿನಲ್ಲಿದ್ದ ಬ್ಯಾಕ್ಟೀರಿಯಾ ಸೀದಾ ಒಳಗೆ. ಮಳೆಗಾಲದ ಕೆಚ್ಚಲು ಬಾವಿನ ಕೇಸಿಗೆ ಹೋದ್ರೆ ನಾನು ಇಂಜೆಕ್ಷನ್ ತೆಗೆಯುವ ಮೊದಲು ದನ ಮಲಗುವ ಜಾಗಕ್ಕೆ ಕೈ ಹಾಕಿ ನೋಡುದು ಇದಕ್ಕೇ. ಆ ಹುಡಿ ನಿಮ್ಮ ಶ್ವಾಸಕೋಶಕ್ಕೂ ಒಳ್ಳೇದಲ್ಲ, ಬಿಚ್ಚುವಾಗ ಮುಖಕ್ಕೆ ಬಟ್ಟೆ ಕಟ್ಟಿ. ಬೂಸ್ಟಿನ ಬೇಲ್ ಹೋಗಬೇಕಾದ್ದು ಗೊಬ್ಬರದ ಗುಂಡಿಗೆ, ಸೆಗಣಿ ನೀರು ಹೊಯ್ದು ಕೊಳೆಸಿ ತೋಟಕ್ಕೆ ಹಾಕಿ.

ಒಳ್ಳೆ ದಂಟನ್ನು ಹಾಸ್ಲಿಕ್ಕೆ ನನ್ನ ಅಡ್ಡಿ ಇಲ್ಲ. ಇಡೀ ಇಡೀ ಹಾಸಿದ್ರೆ ಮಾತ್ರ ಪ್ರಯೋಜನ ಇಲ್ಲ, ಕಾಂಡದ ಹೊರಗಿನ ಸಿಪ್ಪೆ ಗಟ್ಟಿ, ನೀರು ಎಳೆಯುದಿಲ್ಲ, ಮೇಲಿಂದ ಕೆಚ್ಚಲಿಗೆ ಚುಚ್ತದೆ. ಚಾಫ್ ಕಟರಿಗೆ ಕೊಟ್ಟು ತಿರುಳು ಬಿಚ್ಚಿದ ಹಾಗೆ ಪುಡಿ ಮಾಡಿದ್ರೆ ತನ್ನ ತೂಕದ ಎರಡು ಪಟ್ಟಿಗೂ ಹೆಚ್ಚು ಮೂತ್ರ ಹೀರ್ತದೆ. ಸೊಪ್ಪು, ದರಗು ಹಾಕಿ ಅಭ್ಯಾಸ ಇರುವವರಿಗೆ ಹೊಸದೇನೂ ಅಲ್ಲ, ಒದ್ದೆಯಾದ ಜಾಗದ್ದನ್ನು ದಿನಾ ತೆಗೀಬೇಕು, ಅಷ್ಟೇ. ರಬ್ಬರ್ ಮ್ಯಾಟ್ ಇದ್ದವರು ತೆಳ್ಳಗೆ ಉದುರಿಸಿದ್ರೂ ಸಾಕು.

ಬೇಲಿನ ಹಗ್ಗದ ಬಗ್ಗೆ ಹೇಳದೆ ಬಿಡ್ಲಿಕ್ಕೆ ಆಗುದಿಲ್ಲ. ಅದನ್ನು ನುಂಗಿದ ದನದ್ದು ಮೆಲುಕು ನಿಂತಿದೆ, ಹಾಲು ಇಳಿದಿದೆ, ಎಡಹೊಟ್ಟೆ ಒತ್ತಿದ್ರೆ ಬೆರಳಿನ ಗುರುತು ಹಾಗೇ ನಿಲ್ತದೆ, ಔಷಧಿಗೆ ಬಗ್ಗುದಿಲ್ಲ. ಕೊನೆಗೆ ದನವನ್ನು ನಿಲ್ಲಿಸಿಯೇ ಮರಗಟ್ಟಿಸಿ ಎಡಬದಿ ಕೊಯ್ದು ಮೊಣಕೈ ದಾಟುವವರೆಗೆ ಕೈ ಹಾಕಿದ್ರೆ ಸಿಗುದು ನೀಲಿ ನೈಲಾನ್ ಹಗ್ಗದ ಉಂಡೆ, ಅದಕ್ಕೆ ದಂಟಿನ ನಾರು ಸುತ್ತಿಕೊಂಡು ಬಿಗಿದು ಗಂಟಾಗಿರ್ತದೆ, ಒಂದೆಳೆ ಎಳೆದ್ರೆ ಬರುದಿಲ್ಲ, ಒಳಗೇ ಕತ್ತರಿಸಿ ತುಂಡು ತುಂಡಾಗಿ ತೆಗೀಬೇಕು. ನೈಲಾನ್ ಹೊಟ್ಟೆಯಲ್ಲಿ ಕರಗುದಿಲ್ಲ, ವರ್ಷಗಟ್ಟಲೆ ಸೇರ್ತಾ ಹೋಗ್ತದೆ. ಬೇಲ್ ಬಿಚ್ಚುವಾಗ ಹಗ್ಗವನ್ನು ಒಂದೇ ಕಡೆ ಕೊಯ್ದು ಪೂರ್ತಿ ಎಳೆದು ಮೊಳೆಗೆ ನೇತು ಹಾಕಿ, ಹಗ್ಗ ಸಮೇತ ಕಟರಿಗೆ ಕೊಡುವ ಆಳುಗಳನ್ನು ನಾನು ನೋಡಿದ್ದೇನೆ.

ಬರ ಬಿದ್ದ ವರ್ಷ ಇನ್ನೊಂದು ಹೆದರಿಕೆ, ನೈಟ್ರೇಟ್. ಯೂರಿಯಾ ಜಾಸ್ತಿ ಹಾಕಿ ಮಳೆ ಕೈಕೊಟ್ಟ ಹೊಲದಲ್ಲಿ ಅದು ಕಾಂಡದ ಬುಡದಲ್ಲಿ ಸೇರ್ತದೆ. ಬಿಳಿಜೋಳದ ಎಳೆ ಪೈರಿನ ಸಯನೈಡ್ ಒಣಗಿದ್ರೆ ಬಹುಪಾಲು ಹೋಗ್ತದೆ, ನೈಟ್ರೇಟ್ ಮಾತ್ರ ಒಣಗಿದ್ರೂ ಅಷ್ಟೇ ಇರ್ತದೆ. ತಿಂದ ಸ್ವಲ್ಪ ಹೊತ್ತಿಗೆ ದನ ಏದುಸಿರು ಬಿಟ್ಟು, ತೂರಾಡಿ, ಒಸಡು ಕಂದು ಬಣ್ಣಕ್ಕೆ ತಿರುಗಿದ್ರೆ ಕೂಡ್ಲೇ ಫೋನ್ ಮಾಡಿ, ಮೆಥಿಲೀನ್ ಬ್ಲೂ ಹೊತ್ತಿಗೆ ಸರಿಯಾಗಿ ರಕ್ತಕ್ಕೆ ಹೋದ್ರೆ ಬದುಕ್ತದೆ. ಬುಡದ ಒಂದಡಿ ಬಿಟ್ಟು ಕೊಯ್ದ ದಂಟಾದ್ರೆ ಅಪಾಯ ಕಡಿಮೆ, ಮಣ್ಣೂ ಕಡಿಮೆ.

ಹಾಕುವ ಲೆಕ್ಕ ಸುಲಭ. 400 ಕೆಜಿಯ ಕರೆಯುವ ದನಕ್ಕೆ ಒಂದಿಂಚಿಗೆ ಕಡಿದ ದಂಟು 4-5 ಕೆಜಿ, ಜೊತೆಗೆ ಹಸಿಹುಲ್ಲು, ಹಿಂಡಿ, 50 ಗ್ರಾಂ ಮಿನರಲ್ ಮಿಕ್ಸ್ಚರ್. ಹಸಿಹುಲ್ಲು ಬಿಡಬೇಡಿ, ಒಣದಂಟಲ್ಲಿ ವಿಟಮಿನ್ ಎ ಆಗುವ ಅಂಶ ಇಲ್ಲ ಅಂತಲೇ ಹೇಳಬೇಕು. ಮಳೆಗಾಲದಲ್ಲಿ ದನ ಬರೀ ಎಳೆಹುಲ್ಲು ತಿಂದು ಡೈರಿಯಲ್ಲಿ ಹಾಲಿನ ಫ್ಯಾಟ್ ಇಳಿಯುವವರಿಗೆ ಈ ನಾರು ಸ್ವಲ್ಪ ಎತ್ತಿ ಕೊಡ್ತದೆ. 100 ಕೆಜಿ ದಂಟಿಗೆ 4 ಕೆಜಿ ಯೂರಿಯಾ 50-60 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ ಸಿಂಪಡಿಸಿ, ಗಾಳಿಯಾಡದ ಹಾಗೆ 21 ದಿನ ಮುಚ್ಚಿಟ್ಟರೆ ಇನ್ನೂ ಒಳ್ಳೇದು. ಹಾಕುವ ಮೊದಲು ಹರಡಿ ಘಾಟು ಬಿಡಬೇಕು, ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ.

ತರುದಾದ್ರೆ ಜನವರಿಯಿಂದ ಏಪ್ರಿಲ್ ಒಳಗೆ ತನ್ನಿ. ನೆಲಕ್ಕೆ ತಾಗದ ಹಾಗೆ ಅಡಿಕೆ ಮರದ ಸಲಾಕೆ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ, ಟರ್ಪಾಲಲ್ಲಿ ಸುತ್ತಿ ಬಿಗಿಯಬೇಡಿ. ಚೆನ್ನಾಗಿ ಒಣಗಿದ ದಂಟೂ ಜೂನ್, ಜುಲೈಯ ಗಾಳಿಯಿಂದಲೇ ತೇವ ಎಳ್ಕೊಳ್ತದೆ, ಹಾಗಾಗಿ ಆಗಸ್ಟಿಗೆ ಅಂತ ಜಾಸ್ತಿ ಉಳಿಸದೆ ಮೊದಲು ದಂಟು ಮುಗಿಸಿ, ಮನೆಯ ಬೈಹುಲ್ಲು ಇದ್ರೆ ಅದನ್ನು ಹಿಂದಕ್ಕೆ ಇಡಿ.