ಮಾತ್ರೆಯಲ್ಲಿರುವ ಪಿಷ್ಟ ಯಾವ ಧಾನ್ಯದ್ದು? ಸೀಲಿಯಾಕ್ ಕಾಯಿಲೆ ಮತ್ತು ಔಷಧಗಳಲ್ಲಿನ ಗ್ಲುಟೆನ್

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಸೀಲಿಯಾಕ್ ಕಾಯಿಲೆ ಇರುವವರ ರೋಗನಿರೋಧಕ ವ್ಯವಸ್ಥೆಯನ್ನು ಅವರದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುವಂತೆ ಮಾಡುತ್ತದೆ. ಆಹಾರದಲ್ಲಿ ಇದನ್ನು ಬಿಡುವ ಬಗ್ಗೆ ನಾವೆಲ್ಲ ಸಾಕಷ್ಟು ಓದಿರುತ್ತೇವೆ. ವೈದ್ಯರು ಬರೆದುಕೊಟ್ಟ ಮಾತ್ರೆಯಲ್ಲಿಯೂ ಅದು ಇರಬಹುದೇ, ಇದ್ದರೆ ಎಷ್ಟು ಎಂಬ ಪ್ರಶ್ನೆಗೆ ಮಾತ್ರ ಒಂದೋ ಅತಿಯಾದ ಭಯ, ಇಲ್ಲವೇ ಪೂರ್ಣ ನಿರ್ಲಕ್ಷ್ಯ ಉತ್ತರವಾಗಿ ಸಿಗುತ್ತದೆ. ಎರಡನ್ನೂ ಬದಿಗಿಟ್ಟು ಲೆಕ್ಕ ಹಾಕಿ ನೋಡುವುದು ಈ ಟಿಪ್ಪಣಿಯ ಉದ್ದೇಶ.

ಮಾತ್ರೆಯಲ್ಲಿ ರೋಗಕ್ಕೆ ಕೆಲಸ ಮಾಡುವ ಔಷಧಾಂಶ ಅನೇಕ ವೇಳೆ ಕೆಲವೇ ಮಿಲಿಗ್ರಾಂ ಇರುತ್ತದೆ. ಅದಕ್ಕೆ ಗಾತ್ರ ಕೊಡಲು, ಪುಡಿಯನ್ನು ಒಟ್ಟಾಗಿ ಹಿಡಿದಿಡಲು, ಹೊಟ್ಟೆಯೊಳಗೆ ಹೋದ ಮೇಲೆ ಬೇಗ ಒಡೆಯುವಂತೆ ಮಾಡಲು ಬೇರೆ ವಸ್ತುಗಳನ್ನು ಸೇರಿಸುತ್ತಾರೆ. ಎಕ್ಸಿಪಿಯೆಂಟ್ ಎಂದು ಕರೆಯುವ ಈ ಪೂರಕ ದ್ರವ್ಯಗಳಲ್ಲಿ ಪಿಷ್ಟಕ್ಕೆ ದೊಡ್ಡ ಸ್ಥಾನವಿದೆ, ನಮ್ಮ ಸಂದೇಹವೂ ಅಲ್ಲೇ ಹುಟ್ಟುತ್ತದೆ. ಔಷಧಗಳಲ್ಲಿ ಬಳಸುವ ಪಿಷ್ಟ ಹೆಚ್ಚಾಗಿ ಮೆಕ್ಕೆಜೋಳ ಅಥವಾ ಆಲೂಗಡ್ಡೆಯದು, ಕೆಲವೊಮ್ಮೆ ಮರಗೆಣಸಿನದು, ಅಪರೂಪಕ್ಕೆ ಗೋಧಿಯದು. ಲೇಬಲ್ಲಿನಲ್ಲಿ ಬರೀ ‘ಪಿಷ್ಟ’ ಅಥವಾ ‘ಸ್ಟಾರ್ಚ್’ ಎಂದಿದ್ದು ಮೂಲ ಹೇಳದಿದ್ದರೆ ವಿಚಾರಿಸಬೇಕು. ಪ್ರೀಜೆಲಟಿನೈಸ್ಡ್ ಸ್ಟಾರ್ಚ್, ಡೆಕ್ಸ್ಟ್ರಿನ್, ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೊನೆಯದನ್ನು ಸಾಮಾನ್ಯವಾಗಿ ಆಲೂಗಡ್ಡೆಯಿಂದ ತಯಾರಿಸುತ್ತಾರಾದರೂ ಹೆಸರನ್ನಷ್ಟೇ ಓದಿ ಅದನ್ನು ಖಚಿತಪಡಿಸಿಕೊಳ್ಳಲಾಗದು. ಸಿರಪ್ಪಿನಲ್ಲಿ ಮಾಲ್ಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯದು.

ಹೆಸರು ವಿಚಿತ್ರವಾಗಿದೆ ಎಂಬ ಒಂದೇ ಕಾರಣಕ್ಕೆ ಹೆದರಬೇಕಾಗಿಲ್ಲದವೂ ಇವೆ: ಲ್ಯಾಕ್ಟೋಸ್ (ಹಾಲಿನ ಸಕ್ಕರೆ), ಮ್ಯಾನಿಟಾಲ್, ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್, ಮೆಗ್ನೀಸಿಯಂ ಸ್ಟಿಯರೇಟ್, ಪೊವಿಡೋನ್, ಟೈಟಾನಿಯಂ ಡೈಆಕ್ಸೈಡ್. ಇವುಗಳಲ್ಲಿ ಗ್ಲುಟೆನ್ ಇರುವುದಿಲ್ಲ. ಮೊದಮೊದಲು ಪಟ್ಟಿಯ ಉದ್ದ ಕಂಡೇ ನಾನು ಗಾಬರಿಯಾಗುತ್ತಿದ್ದೆ. ಈ ಹೆಸರುಗಳನ್ನು ಹೊಡೆದುಹಾಕಿದರೆ ವಿಚಾರಿಸಲು ಒಂದೋ ಎರಡೋ ಪದಗಳಷ್ಟೇ ಉಳಿಯುತ್ತವೆ.

ಈಗ ಪ್ರಮಾಣದ ಲೆಕ್ಕ. ಸೀಲಿಯಾಕ್ ಇರುವ ಹೆಚ್ಚಿನವರ ಕರುಳು ದಿನಕ್ಕೆ ಸುಮಾರು 10 ಮಿಲಿಗ್ರಾಂಗಿಂತ ಕಡಿಮೆ ಗ್ಲುಟೆನ್ನನ್ನು ಹಾನಿಯಿಲ್ಲದೆ ತಾಳಿಕೊಳ್ಳುತ್ತದೆ ಎಂದು ಪರಿಗಣಿಸಲಾಗಿದೆ. ‘ಗ್ಲುಟೆನ್ ಮುಕ್ತ’ ಎಂದು ಮಾರುವ ಆಹಾರಕ್ಕೆ ಅನೇಕ ದೇಶಗಳಲ್ಲಿ ಇರುವ ಮಿತಿ 20 ಪಿಪಿಎಂ, ಅಂದರೆ ಒಂದು ಕಿಲೋಗ್ರಾಂನಲ್ಲಿ 20 ಮಿಲಿಗ್ರಾಂ. ಔಷಧಕ್ಕೆ ಬಳಸುವ ಗೋಧಿ ಪಿಷ್ಟದಲ್ಲಿ ಒಟ್ಟು ಪ್ರೋಟೀನು ಶೇಕಡಾ 0.3ನ್ನು ಮೀರಬಾರದು ಎಂದು ಯೂರೋಪಿನ ಫಾರ್ಮಕೋಪಿಯಾ, ಅಂದರೆ ಔಷಧಗಳ ಗುಣಮಟ್ಟ ನಿಗದಿಪಡಿಸುವ ಅಧಿಕೃತ ಗ್ರಂಥ, ಹೇಳುತ್ತದೆ. ಒಂದು ಮಾತ್ರೆಯಲ್ಲಿ 100 ಮಿಲಿಗ್ರಾಂ ಗೋಧಿ ಪಿಷ್ಟವಿದ್ದು, ಅದರ ಪ್ರೋಟೀನೆಲ್ಲವೂ ಗ್ಲುಟೆನ್ನೇ ಎಂದು ಇಟ್ಟುಕೊಂಡರೂ ಸಿಗುವುದು 0.3 ಮಿಲಿಗ್ರಾಂ, ಹತ್ತು ಮಿಲಿಗ್ರಾಂ ಮುಟ್ಟಲು ಅಂತಹ ಮೂವತ್ತಕ್ಕೂ ಹೆಚ್ಚು ಮಾತ್ರೆಗಳು ಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರ ಡಿಸೆಂಬರಿನಲ್ಲಿ ಹೊರಡಿಸಿದ ಕರಡು ಮಾರ್ಗದರ್ಶಿಯೂ ಗೋಧಿ ಪಿಷ್ಟವಿರುವ ಒಂದು ಡೋಸಿನಲ್ಲಿ 0.5 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಲಾರದೆಂದು ಅಂದಾಜಿಸುತ್ತದೆ. ಹಾಗಾದರೆ ವಿಚಾರಿಸುವ ಶ್ರಮವೇಕೆ? ದಿನಕ್ಕೆ ಹಲವು ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರು, ಪಥ್ಯ ಕಟ್ಟುನಿಟ್ಟಾಗಿದ್ದರೂ ಕರುಳು ವಾಸಿಯಾಗದವರು ಈ ಚಿಕ್ಕ ಮೊತ್ತವನ್ನೂ ಆಹಾರದಿಂದ ಬರುವುದರ ಜೊತೆ ಕೂಡಿಸಿ ನೋಡಬೇಕಾಗುತ್ತದೆ ಎಂಬುದು ನನ್ನ ಉತ್ತರ.

ವಿಚಾರಿಸುವಾಗ ‘ಇದರಲ್ಲಿ ಗ್ಲುಟೆನ್ ಇದೆಯೇ’ ಎಂದು ಕೇಳಿದರೆ, ಪರೀಕ್ಷೆ ಮಾಡಿಸದ ಕಂಪನಿ ‘ಖಚಿತವಾಗಿ ಹೇಳಲಾಗದು’ ಎಂದು ಜಾರಿಕೊಳ್ಳುತ್ತದೆ. ‘ಇದರ ಪಿಷ್ಟ ಯಾವ ಬೆಳೆಯದು, ಗೋಧಿ, ಬಾರ್ಲಿ ಅಥವಾ ರೈಯಿಂದ ಮಾಡಿದ ಯಾವುದಾದರೂ ದ್ರವ್ಯ ಇದೆಯೇ’ ಎಂದು ಕೇಳಿದರೆ ನೇರ ಉತ್ತರ ಸಿಗುವ ಸಂಭವ ಹೆಚ್ಚು. ಮೊದಲು ಔಷಧದ ಜೊತೆ ಬರುವ ಮಾಹಿತಿ ಚೀಟಿಯನ್ನು ಓದಿ, ಬಳಿಕ ಫಾರ್ಮಸಿಸ್ಟರನ್ನು, ಅವರಲ್ಲೂ ಮಾಹಿತಿ ಇಲ್ಲದಿದ್ದರೆ ತಯಾರಕರನ್ನು ಕೇಳಬೇಕು. ಒಂದೇ ಔಷಧಾಂಶದ ಜೆನೆರಿಕ್ ಮಾತ್ರೆಗಳನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಪೂರಕ ದ್ರವ್ಯಗಳಿಂದ ತಯಾರಿಸುವುದರಿಂದ, ಸಿಕ್ಕ ಉತ್ತರ ಆ ಕಂಪನಿಯ ಆ ಮಾತ್ರೆಗೆ ಮಾತ್ರ ಸಲ್ಲುತ್ತದೆ. ಮುಂದಿನ ತಿಂಗಳು ಮಾತ್ರೆಯ ಬಣ್ಣವೋ ಆಕಾರವೋ ಬದಲಾಗಿ ಬಂದರೆ ಮತ್ತೆ ಕೇಳಬೇಕು. ಚುಚ್ಚುಮದ್ದು, ಕಣ್ಣಿನ ಹನಿಗಳಂಥವು ಕರುಳಿನ ದಾರಿ ಹಿಡಿಯದ ಕಾರಣ ಈ ವಿಚಾರಣೆ ಬಾಯಿಯ ಮೂಲಕ ತೆಗೆದುಕೊಳ್ಳುವ ಔಷಧಗಳಿಗೆ ಸೀಮಿತ.

ಉತ್ತರ ಬರುವ ತನಕ ಮಾತ್ರೆ ನಿಲ್ಲಿಸುವಂತಿಲ್ಲ. ಅಪಸ್ಮಾರದ ಅಥವಾ ಹೃದಯದ ಔಷಧವನ್ನು ಏಕಾಏಕಿ ಬಿಟ್ಟರೆ ಆಗುವ ಅಪಾಯದ ಮುಂದೆ 0.3 ಮಿಲಿಗ್ರಾಂ ಏನೂ ಅಲ್ಲ. ಬದಲಿ ಬೇಕಿದ್ದರೆ ವೈದ್ಯರೇ ಬರೆದುಕೊಡಬೇಕು. ಮಾತ್ರೆ ನುಂಗಿದ ಮೇಲೆ ಹೊಟ್ಟೆ ಉಬ್ಬರಿಸಿದರೆ ಕಾರಣ ಗ್ಲುಟೆನ್ನೇ ಆಗಿರಬೇಕೆಂದೂ ಇಲ್ಲ. ಕರುಳು ಹಾನಿಗೊಂಡಿರುವಾಗ ಮಾತ್ರೆಯಲ್ಲಿರಬಹುದಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಕಡಿಮೆಯಾಗಿರುತ್ತದೆ; ಔಷಧವೇ ಅಂತಹ ಅಡ್ಡಪರಿಣಾಮ ಬೀರುವುದೂ ಉಂಟು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೊಂದು ಬಗೆಯ ಗೊಂದಲ ಕಾಣುತ್ತದೆ: ಪಥ್ಯದಿಂದ ಕರುಳು ಚೇತರಿಸಿಕೊಂಡಂತೆ ಆ ಮಾತ್ರೆಯಲ್ಲಿರುವ ಹಾರ್ಮೋನಾದ ಲೆವೊಥೈರಾಕ್ಸಿನ್ ಹೆಚ್ಚು ಹೀರಲ್ಪಟ್ಟು, ಹಿಂದೆ ಸರಿಹೊಂದುತ್ತಿದ್ದ ಡೋಸೇ ಅತಿಯಾಗಬಹುದು. ಆಗ ಎದೆ ಡವಗುಟ್ಟುವುದಕ್ಕೆ ಮಾತ್ರೆಯ ಪಿಷ್ಟವನ್ನು ದೂರುವ ಮೊದಲು ಥೈರಾಯ್ಡ್ ಮಟ್ಟ ತಿಳಿಸುವ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು.