ಎರಡು ಲಕ್ಷ ಕಿಲೋಮೀಟರ್ ಓಡಿದ ಎಂಜಿನ್ ಉಸಿರು ಹಿಡಿಯಬಲ್ಲದೇ?

ಕಾರಿನ ಮೀಟರಿನಲ್ಲಿ ಎರಡು ಲಕ್ಷದ ಅಂಕಿ ಕಂಡೊಡನೆ ‘ಇನ್ನು ಎಂಜಿನ್ ಇಳಿಸಿ ಬಿಚ್ಚಬೇಕಾಗುತ್ತದೆ’ ಎನ್ನುವವರು ಬಹಳ. ಆದರೆ ಮೀಟರ್ ಎಣಿಸುವುದು ಚಕ್ರ ಉರುಳಿದ ದೂರವನ್ನೇ ಹೊರತು ಎಂಜಿನ್ ದುಡಿದ ಹೊತ್ತನ್ನಲ್ಲ. ಹೆದ್ದಾರಿಯಲ್ಲಿಯೂ ಊರೊಳಗೂ ಸೇರಿ ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಓಡಿದ ಕಾರಿಗೆ ಎರಡು ಲಕ್ಷ ಕಿ.ಮೀ. ಎಂದರೆ 5,000 ಗಂಟೆಗಳ ದುಡಿಮೆ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಸರಾಸರಿ 20 ಕಿ.ಮೀ. ವೇಗದಲ್ಲಿ ತೆವಳಿದ ಕಾರಿಗೆ ಅದೇ ಅಂಕಿ 10,000 ಗಂಟೆಗಳು. ಮೊದಲನೆಯ ಕಾರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿತೆಂದುಕೊಂಡರೆ ಒಟ್ಟು 60 ಕೋಟಿ ಸುತ್ತುಗಳಾದವು. ಪ್ರತಿ ಸುತ್ತಿಗೆ ಪಿಸ್ಟನ್ ಏಳೂವರೆ ಸೆಂ.ಮೀ. ಕೆಳಗಿಳಿದು ಅಷ್ಟೇ ಮೇಲೇರುವುದರಿಂದ, ಕಾರು ಎರಡು ಲಕ್ಷ ಕಿ.ಮೀ. ಓಡುವಷ್ಟರಲ್ಲಿ ಪಿಸ್ಟನ್ ತನ್ನ ಸಿಲಿಂಡರಿನೊಳಗೇ ಸುಮಾರು 90,000 ಕಿ.ಮೀ. ಉಜ್ಜಿಕೊಂಡು ಓಡಾಡಿರುತ್ತದೆ. ಇಷ್ಟಾಗಿಯೂ ಲೋಹ ಸವೆದು ಹೋಗದಿರುವುದಕ್ಕೆ ಕಾರಣ ನಡುವೆ ಇರುವ ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಂಜಿನ್ ಎಷ್ಟು ಓಡಿದೆ ಎಂಬುದಲ್ಲ, ಒಳಗೆ ಎಳೆದುಕೊಂಡ ಗಾಳಿಯನ್ನು ಸೋರದಂತೆ ಹಿಡಿದಿಡುವ ಶಕ್ತಿ ಇನ್ನೂ ಅದಕ್ಕೆ ಇದೆಯೇ ಎಂಬುದು. ಇದರ ಉತ್ತರವನ್ನು ಬಹುಮಟ್ಟಿಗೆ ಮನೆಯ ಅಂಗಳದಲ್ಲಿಯೇ ಕಂಡುಕೊಳ್ಳಬಹುದು.

ಪರೀಕ್ಷೆಗೆ ತಕ್ಕ ಹೊತ್ತು ಬೆಳಗಿನ ಜಾವ, ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನನ್ನು ಮೊದಲ ಬಾರಿ ಸ್ಟಾರ್ಟ್ ಮಾಡುವಾಗ. (ಹಳೆಯ ಕಾರು ಕೊಳ್ಳಲು ಹೋದಾಗ ಬಾನೆಟ್ ಆಗಲೇ ಬೆಚ್ಚಗಿದ್ದರೆ, ಮಾರುವವರು ನಮಗಿಂತ ಮೊದಲೇ ಆ ಪರೀಕ್ಷೆ ಮುಗಿಸಿದ್ದಾರೆ ಎಂದು ತಿಳಿಯಬೇಕು.) ಸೈಲೆನ್ಸರಿನಿಂದ ಬರುವ ಬಿಳಿ ಹೊಗೆಗೆ ಹೆದರುವವರೇ ಹೆಚ್ಚು, ಆದರೆ ಮುಂಜಾವಿನ ಬಿಳಿ ಹೊಗೆ ಸಾಮಾನ್ಯವಾಗಿ ನೀರಾವಿ ಮಾತ್ರ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ; ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಸೈಲೆನ್ಸರ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಎಂಜಿನನ್ನು ತಣಿಸುವ ದ್ರವವಾದ ಕೂಲೆಂಟಿನ ಸಿಹಿ ವಾಸನೆಯೂ ಬಂದರೆ, ಆಗ ಹೆಡ್ ಗ್ಯಾಸ್ಕೆಟನ್ನು (ಸಿಲಿಂಡರುಗಳಿಗೂ ಅವುಗಳ ಮೇಲಿನ ಹೆಡ್‌ಗೂ ನಡುವೆ ಸೋರದಂತೆ ತಡೆಯುವ ಹಾಳೆಯನ್ನು) ಅನುಮಾನಿಸಬೇಕು. ಕಪ್ಪು ಹೊಗೆ ಇಂಧನ ಹೆಚ್ಚಾದುದರ ಗುರುತು, ಅದರ ರಿಪೇರಿ ಬಹಳ ಸಲ ಎಂಜಿನಿನ ಹೊರಗೇ ಮುಗಿಯುತ್ತದೆ.

ಗಮನ ಕೊಡಬೇಕಾದುದು ನೀಲಿ ಹೊಗೆಗೆ, ಏಕೆಂದರೆ ಅದು ಉರಿದ ಎಂಜಿನ್ ಆಯಿಲ್. ಅದು ಬರುವ ಸಮಯವೇ ಅದರ ದಾರಿಯನ್ನು ಹೇಳುತ್ತದೆ. ಚಾರ್ಮಾಡಿ ಘಾಟಿಯಂಥ ಉದ್ದ ಇಳಿಜಾರಿನಲ್ಲಿ ಗೇರಿನಲ್ಲಿಯೇ ಆಕ್ಸಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಸಿಲಿಂಡರಿನೊಳಗೆ ಬಲವಾದ ನಿರ್ವಾತ ಉಂಟಾಗುತ್ತದೆ, ಆ ಸೆಳೆತಕ್ಕೆ ವಾಲ್ವ್‌ಗಳ (ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ಕವಾಟಗಳ) ಸವೆದ ಸೀಲ್‌ಗಳ ಸಂದಿನಿಂದ ಆಯಿಲ್ ಒಳಗಿಳಿಯುತ್ತದೆ. ತಗ್ಗಿನಲ್ಲಿ ಮತ್ತೆ ಆಕ್ಸಲರೇಟರ್ ಒತ್ತಿದ ಕೂಡಲೇ ಹಿಂದೆ ಒಂದು ನೀಲಿ ಮೋಡ ಏಳುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಒಮ್ಮೆ ಬಂದು ಮಾಯವಾಗುವ ನೀಲಿ ಹೊಗೆಯದೂ ಇದೇ ಕಥೆ. ಆದರೆ ಏರುದಾರಿಯಲ್ಲಿ ಭಾರ ಎಳೆಯುವಾಗ ಎಡೆಬಿಡದೆ ನೀಲಿ ಹೊಗೆ ಬರುವುದಾದರೆ ಪಿಸ್ಟನ್ ರಿಂಗ್‌ಗಳು (ಪಿಸ್ಟನ್ನಿನ ಸುತ್ತ ಕೂತು ಸಿಲಿಂಡರಿನ ಸಂದು ಮುಚ್ಚುವ ಬಳೆಗಳು) ಸವೆದಿರುವ ಸಂಭವ ಹೆಚ್ಚು. ಮೊದಲನೆಯದು ಸಹಿಸಿಕೊಂಡು ಓಡಿಸಬಹುದಾದ ದೋಷ, ಎರಡನೆಯದಕ್ಕೆ ನಿಜಕ್ಕೂ ಎಂಜಿನ್ ಇಳಿಸಬೇಕಾದೀತು.

ರಿಂಗ್‌ಗಳ ಮೇಲಿನ ಅನುಮಾನವನ್ನು ಇನ್ನೊಂದು ಬಗೆಯಲ್ಲಿಯೂ ಒರೆಗೆ ಹಚ್ಚಬಹುದು. ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಎಚ್ಚರಿಕೆಯಿಂದ ಸಡಿಲಿಸಿ ಬಾಯಿಯ ಮೇಲೆ ಇಟ್ಟು ನೋಡಬೇಕು. ಮುಚ್ಚಳ ಅಲ್ಲಿಯೇ ಸುಮ್ಮನೆ ನಡುಗುತ್ತಿದ್ದರೆ ಚಿಂತೆಯಿಲ್ಲ. ಹೊಗೆಯ ಸಮೇತ ಬುಸುಬುಸು ಎಂದು ಎತ್ತಿ ಬೀಳಿಸಿದರೆ ಉರಿದ ಅನಿಲ ರಿಂಗ್‌ಗಳನ್ನು ದಾಟಿ ಕೆಳಗೆ ನುಗ್ಗುತ್ತಿದೆ ಎಂದು ಅರ್ಥ.

ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡುವಾಗ ಆಯಿಲ್ ಕಪ್ಪಾಗಿದೆ ಎಂದು ಗಾಬರಿಯಾಗಬೇಕಿಲ್ಲ. ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡು ಹೊರುವುದೇ ಅದರ ಕೆಲಸ, ಡೀಸೆಲ್ ಎಂಜಿನಿನಲ್ಲಂತೂ ಹೊಸ ಆಯಿಲ್ ಕೆಲವೇ ನೂರು ಕಿ.ಮೀ.ಗಳಲ್ಲಿ ಕಪ್ಪಾಗುತ್ತದೆ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದಾಗ ಲೋಹದ ಮಿನುಗು ಕಂಡರೆ ಅದು ಬೇರಿಂಗ್‌ನದಿರಬಹುದು. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಕೂಲೆಂಟ್ ಸೇರಿದೆ. ಮಳೆಗಾಲದಲ್ಲಿ ದಿನವೂ ಒಂದೆರಡು ಕಿ.ಮೀ. ಮಾತ್ರ ಓಡುವ ಕಾರಿನ ಮುಚ್ಚಳದಡಿ ಕಾಣುವ ತೆಳು ಕೆನೆ ಬರೀ ತೇವದ್ದು, ಒಂದು ದೂರದ ಪ್ರಯಾಣದಲ್ಲಿ ಆರಿಹೋಗುತ್ತದೆ.

ಇವೆಲ್ಲ ಲಕ್ಷಣಗಳು, ಅಳತೆಯಲ್ಲ. ಅಳತೆ ಬೇಕೆಂದರೆ ಪೆಟ್ರೋಲ್ ಎಂಜಿನಿಗೆ ಸಿಲಿಂಡರಿನೊಳಗಿನ ಒತ್ತಡ ತೋರಿಸುವ ಕಂಪ್ರೆಷನ್ ಗೇಜ್ ಹಾಕಬೇಕು. ಎಂಜಿನನ್ನು ಬೆಚ್ಚಗೆ ಮಾಡಿ ನಿಲ್ಲಿಸಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಇಂಧನ ಮತ್ತು ಇಗ್ನಿಷನ್ ಸಂಪರ್ಕವನ್ನು ತಪ್ಪಿಸಿ, ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ, ಗಾಳಿ ಒಳಬಿಡುವ ಥ್ರಾಟಲ್ ಪೂರ್ತಿ ತೆರೆದಿರುವಂತೆ ನೋಡಿಕೊಂಡು, ಒಂದೊಂದೇ ಸಿಲಿಂಡರಿಗೆ ಗೇಜ್ ಜೋಡಿಸಿ ಐದಾರು ಬಡಿತಗಳಷ್ಟು ಸೆಲ್ಫ್ ಹೊಡೆಯಬೇಕು. ಗಾಳಿಯನ್ನು ಹತ್ತನೆಯ ಒಂದು ಪಾಲಿಗೆ ಒತ್ತುವ ಎಂಜಿನಿನಲ್ಲಿ ಒತ್ತಡ ಬರೀ ಹತ್ತು ಪಟ್ಟು ಆಗುವುದಿಲ್ಲ. ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆ ಬೇಗನೆ ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಇನ್ನಷ್ಟು ಒತ್ತುತ್ತದೆ. ಹೀಗಾಗಿ ಒಳ್ಳೆಯ ಎಂಜಿನ್ ಸುಮಾರು 170ರಿಂದ 200 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ತೋರಿಸುವುದುಂಟು.

ಇಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ವಾಯುಭಾರ ಮಂಗಳೂರಿನದಕ್ಕಿಂತ ಸುಮಾರು ಶೇ 10ರಷ್ಟು ಕಡಿಮೆ. ಎಂಜಿನ್ ಒತ್ತಬೇಕಾದ ಗಾಳಿಯೇ ತೆಳುವಾದುದರಿಂದ, ಮಂಗಳೂರಿನಲ್ಲಿ 180 ತೋರಿಸಿದ ಎಂಜಿನ್ ಘಟ್ಟ ಹತ್ತಿ ಬಂದ ಮೇಲೆ 162ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಅದರಲ್ಲಿ ಏನೂ ಸವೆದಿರುವುದಿಲ್ಲ. ನನ್ನ ಮಟ್ಟಿಗೆ ಪುಸ್ತಕದ ಅಂಕಿಗಿಂತ ಸಿಲಿಂಡರುಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದೇ ಹೆಚ್ಚು ನಂಬಿಕೆಗೆ ತಕ್ಕದ್ದು, ಏಕೆಂದರೆ ಎತ್ತರವಾಗಲಿ, ಬ್ಯಾಟರಿಯ ಬಲವಾಗಲಿ, ಗೇಜಿನ ದೋಷವಾಗಲಿ ನಾಲ್ಕು ಸಿಲಿಂಡರುಗಳನ್ನೂ ಒಂದೇ ರೀತಿ ಬಾಧಿಸುತ್ತವೆ. ನಾಲ್ಕೂ 155ರ ಹತ್ತಿರವಿದ್ದರೆ ಅದು ಸಮನಾಗಿ ಮಾಗಿದ ಎಂಜಿನ್. ಮೂರು 165 ಇದ್ದು ಒಂದು ಮಾತ್ರ 120 ಇದ್ದರೆ ಅದೇ ರೋಗಿ. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಯಿಲ್ ರಿಂಗ್‌ಗಳ ಸಂದನ್ನು ತಾತ್ಕಾಲಿಕವಾಗಿ ಮುಚ್ಚುವುದರಿಂದ ಅಂಕಿ ಏರಿದರೆ ದೋಷ ರಿಂಗ್‌ಗಳದು. ಏರದಿದ್ದರೆ ವಾಲ್ವ್‌ನದು ಅಥವಾ ಹೆಡ್ ಗ್ಯಾಸ್ಕೆಟಿನದು. ಡೀಸೆಲ್ ಎಂಜಿನಿನಲ್ಲಿ ಒತ್ತಡ ಇದರ ಎರಡು ಪಟ್ಟಿಗೂ ಹೆಚ್ಚು, ಪೆಟ್ರೋಲ್ ಎಂಜಿನಿನ ಗೇಜನ್ನು ಅದಕ್ಕೆ ಹಾಕಲೇಬಾರದು.

ಈ ಪರೀಕ್ಷೆಗಳು ಯಾವುವೂ ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟ್ ಕೂತಿರುವ ಬೇರಿಂಗ್‌ಗಳನ್ನು ನೇರವಾಗಿ ಮುಟ್ಟುವುದಿಲ್ಲ. ಅವು ಸವೆದಂತೆ ಸಂದು ಅಗಲವಾಗಿ ಆಯಿಲ್ ಒತ್ತಡ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ಈ ಒತ್ತಡದ ಅಳತೆಯೆಂದು ನಂಬಿದವರಿದ್ದಾರೆ, ಆದರೆ ಸಾಮಾನ್ಯವಾಗಿ ಒತ್ತಡ ಅರ್ಧ ಬಾರ್‌ನ (ಸುಮಾರು 7 ಪಿಎಸ್‌ಐ) ಸುತ್ತಮುತ್ತಲಿಗೆ ಕುಸಿದ ಮೇಲೆಯೇ ಅದು ಹೊತ್ತುವುದು. ಬಿಸಿ ಎಂಜಿನ್ ನಿಂತಲ್ಲೇ ಓಡುವಾಗ ಆ ದೀಪ ಮಿಣುಕಿದರೆ ಮುಂದಿನ ಗ್ಯಾರೇಜಿನವರೆಗೆ ಓಡಿಸಿ ನೋಡುವ ಸಾಹಸ ಬೇಡ. ಅಲ್ಲಿಯೇ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಆಯಿಲ್ ಮಟ್ಟ ಸರಿಯಿದ್ದರೂ ಕಾರನ್ನು ಎಳೆಸಿಕೊಂಡೇ ಹೋಗಿ, ದೀಪದ ಸ್ವಿಚ್ ಇರುವ ಜಾಗಕ್ಕೆ ಗೇಜ್ ಹಾಕಿಸಿ ಒತ್ತಡ ಅಳೆಸಬೇಕು.